ಹಿನ್ನೀರಿನ ಮೀನುಗಾರರ ನಡುಗಡ್ಡೆಗೆ ಹೋಗಬೇಕು ಅಂದರೆ

ದಡದಲ್ಲಿ ಖಾಲಿ ತೆಪ್ಪ ಕಂಡ ತಕ್ಷಣ ಹತ್ತಿ ಹೊರಡಬೇಡಿ. ಮುಂದಿನದು ಏನೂ ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ನೆನಪಿಟ್ಟುಕೊಳ್ಳಿ. ಶರಾವತಿ ಹಿನ್ನೀರಿನಲ್ಲಿ ತೆಪ್ಪ ಮಗುಚಿತು, ಉಕ್ಕಡ ಮಗುಚಿತು ಅನ್ನುವ ಸುದ್ದಿ ನಮ್ಮ ಕಡೆಯ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಮೈಮೇಲೆ ಲೈಫ್ ಜಾಕೆಟ್ ಇಲ್ಲ, ಜೊತೆಗೆ ನೀರು ಗೊತ್ತಿದ್ದವರು ಇಲ್ಲ, ಹೋಗುವಾಗ ಕನ್ನಡಿಯ ಹಾಗಿದ್ದ ನೀರು ಬರುವಾಗ ಹಾಗಿರಲಿಲ್ಲ. ಇಷ್ಟೇ ಸಾಕು ಒಂದು ಮನೆ ಮುಳುಗಲು.

ನಾನು ಸಾಗರ ತಾಲ್ಲೂಕಿನವನು. ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಹೋಯಿತು. ಅಮ್ಮನ ಕಡೆಯ ನೆಂಟರು ಹೊಳೆಯಾಚೆ ಕರೂರು ಹೋಬಳಿಯಲ್ಲಿ ಉಳಿದರು. ಹಾಗಾಗಿ ಮದುವೆ, ಮುಂಜಿ, ಸಾವು ಏನೇ ಇದ್ದರೂ ಹೊಳೆಬಾಗಿಲಿಗೆ ಹೋಗಿ ಲಾಂಚ್ ಕಾಯುವುದೇ ನಮ್ಮ ಬಾಲ್ಯ. ಈಗ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ. 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. 2.44 ಕಿಲೋಮೀಟರ್ ಉದ್ದ. ಅರ್ಧ ದಿನ ನುಂಗುತ್ತಿದ್ದ ದಾರಿ ಈಗ ಕಾರಿನಲ್ಲಿ ಕೆಲವೇ ನಿಮಿಷ. ಹೊಳೆಯಾಚೆಯವರಿಗೆ, ಅದರಲ್ಲೂ ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಂಗಸರಿಗೆ, ಈ ಸೇತುವೆ ಏನು ಅಂತ ಬೇರೆಯವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಆದರೆ ಸೇತುವೆ ಆದಮೇಲೆ ಇನ್ನೊಂದು ಶುರುವಾಗಿದೆ. ಹೊಳೆಯಾಚೆಯ ಸಿಗಂದೂರು ದೇವಸ್ಥಾನಕ್ಕೆ ಬಂದವರು ಸೇತುವೆ ಮೇಲೆ ಫೋಟೋ ತೆಗೆದುಕೊಂಡು, ದೂರದಲ್ಲಿ ನಡುಗಡ್ಡೆ, ಅದರ ಮೇಲೆ ನೀಲಿ ಟಾರ್ಪಾಲಿನ ಬಿಡಾರ, ಹೊಗೆ ಕಂಡು, "ಅಲ್ಲಿಗೆ ಹೋಗೋದು ಹೇಗೆ?" ಅಂತ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ನಾನೂ ಹೋಗುತ್ತೇನೆ, ಎಷ್ಟೋ ವರ್ಷದಿಂದ ಹೋಗುತ್ತಿದ್ದೇನೆ. ಹೋಗುವ ಕ್ರಮ ಒಂದಿದೆ, ಅದನ್ನು ಬರೆಯುತ್ತೇನೆ. ನಾನು ಹೋಗುವ ನಡುಗಡ್ಡೆಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅಲ್ಲಿರುವುದು ಆರೇಳು ಬಿಡಾರ. ಒಂದು ಭಾನುವಾರ ಐವತ್ತು ಜನ ಬಂದು ಇಳಿದರೆ ಅವರಿಗೆ ಬಲೆ ಒಣಗಿಸಲೂ ಜಾಗ ಇರುವುದಿಲ್ಲ.

ಮೊದಲು ಈ ನೀರು ಎಂಥದ್ದು ಅಂತ ತಿಳಿದುಕೊಳ್ಳಿ. ಇದು ಕೆರೆ ಅಲ್ಲ, ಸಮುದ್ರವೂ ಅಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಹಿಂದಕ್ಕೆ ತುಂಬಿ ಸುಮಾರು 300 ಚದರ ಕಿಲೋಮೀಟರ್ ಜಾಗ ನೀರಾಯಿತು. ಕಣಿವೆ ಮುಳುಗಿತು, ಗುಡ್ಡದ ತಲೆಗಳು ಉಳಿದವು. ನಾವು ನಡುಗಡ್ಡೆ ಅನ್ನುವುದು ಈ ಗುಡ್ಡದ ತಲೆಗಳನ್ನೇ. ಕೆಳಗೆ ಕಾಡು ಹಾಗೇ ಇದೆ. ಪೂರ್ತಿ ಕಡಿಯದೆ ಬಿಟ್ಟ ಮರಗಳ ಕೊರಡುಗಳು ಇಷ್ಟು ವರ್ಷ ನೀರಲ್ಲಿದ್ದರೂ ಕಲ್ಲಿನ ಹಾಗೆ ನಿಂತಿವೆ. ದೋಣಿಗೆ ದೊಡ್ಡ ಅಪಾಯ ಇದೇ.

ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಹಾಕುತ್ತಾರಲ್ಲ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಲಿಂಗನಮಕ್ಕಿ ತುಂಬಿದರೆ 1819 ಅಡಿ. ಅದರ ಹತ್ತಿರ ಇದ್ದಾಗ ಕೊರಡುಗಳು ಆಳದಲ್ಲಿರುತ್ತವೆ, ದೋಣಿ ಸಲೀಸಾಗಿ ಹೋಗುತ್ತದೆ. ಬೇಸಿಗೆ ಬಂದ ಹಾಗೆ ನೀರು ಹತ್ತಾರು ಅಡಿ ಇಳಿಯುತ್ತದೆ. ಆಗ ಕೆಲವು ಕೊರಡು ಹೊರಗೆ ಕಾಣುತ್ತವೆ, ಅವುಗಳಿಂದ ತೊಂದರೆ ಇಲ್ಲ, ಮೇಲೆ ನೀರುಕಾಗೆ ಕೂತಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಅಡಗಿರುವುದೇ ಕೆಟ್ಟದ್ದು. ಒಂದು ಮಾರ್ಚಿಯಲ್ಲಿ ನಮ್ಮ ದೋಣಿ ಅಂಥ ಒಂದರ ಮೇಲೆ ಹತ್ತಿ ಕೂತುಬಿಟ್ಟಿತು. ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ, ಒಂದು ಕಡೆಗೆ ವಾಲಿಕೊಂಡು ನಿಂತಿದೆ. ಎಂಟು ಜನ ಇದ್ದೆವು, ಅದೇ ನಾವು ಮಾಡಿದ ತಪ್ಪು, ಐದಕ್ಕಿಂತ ಜಾಸ್ತಿ ಕೂರಬಾರದ ದೋಣಿ ಅದು. ದೋಣಿ ನಡೆಸುತ್ತಿದ್ದ ಅಣ್ಣ ಒಂದೇ ಮಾತು ಹೇಳಿದರು, "ಯಾರೂ ಎದ್ದು ನಿಲ್ಲಬೇಡಿ." ಆಮೇಲೆ ಒಬ್ಬೊಬ್ಬರನ್ನೇ ಕೂತಲ್ಲೇ ಇನ್ನೊಂದು ಪಕ್ಕಕ್ಕೆ ಸರಿಸಿ, ಹುಟ್ಟಿನಿಂದ ಕೊರಡಿಗೇ ಒತ್ತಿ, ಮುಕ್ಕಾಲು ಗಂಟೆ ಮೇಲೆ ಬಿಡಿಸಿದರು. ಅವತ್ತು ಯಾರಾದರೂ ಗಾಬರಿಯಿಂದ ಎದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಇನ್ನು ಗಾಳಿ. ಹಿನ್ನೀರಿನಲ್ಲಿ ಬೆಳಿಗ್ಗೆಯ ನೀರೇ ಬೇರೆ, ಮಧ್ಯಾಹ್ನದ ನೀರೇ ಬೇರೆ. ಬಿಸಿಲು ಏರಿದ ಮೇಲೆ ಗಾಳಿ ಏಳುತ್ತದೆ, ಬಯಲಾದ ಕಡೆ ಅಲೆ ಕಟ್ಟುತ್ತದೆ. ಕಾಡಿನ ಮರೆಯಲ್ಲಿ ಏನೂ ಗೊತ್ತಾಗುವುದಿಲ್ಲ, ತಿರುವು ದಾಟಿ ಬಯಲಿಗೆ ಬಂದ ಕೂಡಲೇ ದೋಣಿ ಕುಣಿಯಲು ಶುರು. ಅದಕ್ಕೇ ಬೆಳಿಗ್ಗೆ ಹೋಗಿ, ಊಟ ಮುಗಿಸಿ ಮೂರರೊಳಗೆ ವಾಪಸ್ ಹೊರಡುವ ಲೆಕ್ಕ ಇಟ್ಟುಕೊಳ್ಳಿ. ಇಲ್ಲವೇ ಗಾಳಿ ಇಳಿಯುವ ತನಕ ಅಲ್ಲೇ ಕಾಯಿರಿ. ಕತ್ತಲಾದ ಮೇಲೆ ಮಾತ್ರ ಬೇಡವೇ ಬೇಡ. ಡಿಸೆಂಬರ್, ಜನವರಿಯಲ್ಲಾದರೆ ಬೆಳಿಗ್ಗೆ ಮಂಜು ದಟ್ಟವಾಗಿರುತ್ತದೆ, ನಾಲ್ಕು ಮಾರು ಆಚೆ ಏನೂ ಕಾಣುವುದಿಲ್ಲ, ಅದು ಕರಗುವ ತನಕ ದಡದಲ್ಲೇ ಚಾ ಕುಡಿಯುತ್ತಾ ಕೂರಿ.

ಯಾವ ತಿಂಗಳು ಒಳ್ಳೆಯದು? ನನ್ನ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಜನವರಿ. ನೀರು ತುಂಬಿರುತ್ತದೆ, ಮಳೆ ಇರುವುದಿಲ್ಲ, ದೋಣಿ ನೇರವಾಗಿ ನಡುಗಡ್ಡೆಯ ಹುಲ್ಲಿಗೇ ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದು ಮಧ್ಯೆ ಬರೀ ಕೆಸರು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ಅಂತ ಕಾಲಿಟ್ಟರೆ ಮೊಣಕಾಲಿನ ತನಕ ಹೋಗುತ್ತದೆ. ಆ ಹೊತ್ತಿನಲ್ಲಿ ಹಿಂದೆಲ್ಲ ಲಾಂಚಿಗೂ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಜೂನ್, ಜುಲೈನಲ್ಲಿ ಹೋಗಲೇಬೇಡಿ. ಮಲೆನಾಡಿನ ಮಳೆಯಲ್ಲಿ ಸಣ್ಣ ದೋಣಿಗೆ ಕೆಲಸ ಇಲ್ಲ, ಮೀನು ಮೊಟ್ಟೆ ಇಡುವ ಕಾಲ ಅದು, ಬಲೆ ಬಿಡುವುದೂ ತಪ್ಪು. ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ಬರುವ ಹತ್ತುಮೀನಿನ ಸಂಭ್ರಮ ಮಲೆನಾಡಿನವರಿಗೆ ಹೇಳಬೇಕಿಲ್ಲ. ಆದರೆ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ಬುಟ್ಟಿಗಟ್ಟಲೆ ಹಿಡಿದರೆ ಮುಂದಿನ ವರ್ಷ ಹೊಳೆಯಲ್ಲಿ ಏನು ಉಳಿಯುತ್ತದೆ ಅಂತ ನಾವೇ ಯೋಚಿಸಬೇಕು ಅಲ್ವಾ. ಸಂಕ್ರಾಂತಿ ಹೊತ್ತಿಗೆ ಸಿಗಂದೂರು ಜಾತ್ರೆ, ಆಗ ರಸ್ತೆ, ದಡ ಎಲ್ಲಾ ಕಡೆ ಜನ. ಆ ವಾರ ಬಿಟ್ಟುಬಿಡಿ.

ದಾರಿ ಸುಲಭ. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರ್. ಬೆಂಗಳೂರಿನಿಂದಾದರೆ ತಾಳಗುಪ್ಪ ರೈಲಿನಲ್ಲಿ ಬಂದು ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಬಸ್ಸೋ, ಬಾಡಿಗೆ ಗಾಡಿಯೋ. ಸಾಗರ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. ಕೈಯಲ್ಲಿ ಚಿಲ್ಲರೆ ದುಡ್ಡು ಇರಲಿ, ನಡುಗಡ್ಡೆಯಲ್ಲಿ ಫೋನ್ ಪೇ ನಡೆಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಕಷ್ಟ ಇರುವುದು ದೋಣಿಯವರನ್ನು ಹುಡುಕುವುದರಲ್ಲಿ. ಇಲ್ಲಿ ಟಿಕೆಟ್ ಕೌಂಟರ್ ಇಲ್ಲ. ಹಿಂದಿನ ದಿನವೇ ದಡದ ಊರಿಗೆ ಹೋಗಿ. ಚಾ ಅಂಗಡಿಯಲ್ಲಿ ಕೂತು ಮಾತಾಡಿ. ನಮ್ಮ ಕಡೆ ಸೀದಾ ವ್ಯವಹಾರಕ್ಕೆ ಇಳಿದರೆ ಜನ ಹಿಂದೆ ಸರಿಯುತ್ತಾರೆ. ಯಾವ ಊರು, ಯಾರ ಪೈಕಿ, ಏನು ಕೆಲಸ, ಈ ಸಲ ನಿಮ್ಮಲ್ಲಿ ಮಳೆ ಹೇಗೆ, ಅಡಿಕೆಗೆ ಕೊಳೆರೋಗ ಬಂತಾ, ಇಷ್ಟಾದ ಮೇಲೆ ವಿಷಯಕ್ಕೆ ಬನ್ನಿ. "ಮೀನುಗಾರರ ಬಿಡಾರಕ್ಕೆ ಹೋಗಿ ಮಾತಾಡಿಸಿಕೊಂಡು ಬರೋಣ ಅಂತ ಆಸೆ ಇದೆ, ಅವರಿಗೆ ಒಪ್ಪಿಗೆ ಆದ್ರೆ" ಅಂತ ಹೇಳಿ. ಈ ಕೊನೆಯ ಮಾತು ಮುಖ್ಯ. ಆ ಬಿಡಾರದವರು ದಡಕ್ಕೆ ಮೀನು ಹಾಕಲು ಬರುತ್ತಾರೆ, ಥರ್ಮಾಕೋಲ್ ಡಬ್ಬಿ ಕಟ್ಟಿಕೊಂಡ ಬೈಕಿನವರು ಅಲ್ಲೇ ತೂಕ ಹಾಕಿಸಿ ಐಸ್ ತುಂಬಿಕೊಂಡು ಸಾಗರಕ್ಕೋ ಬೇರೆ ಊರಿಗೋ ಹೋಗುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿದ್ದರೆ ನೇರವಾಗಿ ಅವರನ್ನೇ ಕೇಳಬಹುದು. ಅವರೇ "ಬನ್ನಿ ನಾಳೆ" ಅಂದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬೇಡ ಅಂದರೆ ಬೇಡ. ಒತ್ತಾಯ ಮಾಡಬೇಡಿ, ದುಡ್ಡು ಜಾಸ್ತಿ ಕೊಡುತ್ತೇನೆ ಅಂತಂತೂ ಹೇಳಬೇಡಿ.

ದೋಣಿಯವರ ಹತ್ತಿರ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಜನ ಕೂರಬಹುದು? ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ? ಈಗ ಯಾವ ಕಡೆಯಿಂದ ಕೊರಡು ಇಲ್ಲ? ಎಷ್ಟು ಹೊತ್ತಿಗೆ ವಾಪಸ್ ಹೊರಡಬೇಕು? ಮೂರನೆಯದಕ್ಕೆ ಅವರು ತಡವರಿಸದೆ ಉತ್ತರ ಕೊಟ್ಟರೆ ನೀರು ಗೊತ್ತಿದ್ದವರು ಅಂತ ಅರ್ಥ. ಜಾಕೆಟ್ ಇಲ್ಲ ಅಂದರೆ ನೀವೇ ತನ್ನಿ. ಒಬ್ಬರಿಗೆ ಒಂದು, ಮಕ್ಕಳಿಗೆ ಮಕ್ಕಳ ಅಳತೆಯದ್ದೇ, ದೊಡ್ಡವರದ್ದು ಹಾಕಿದರೆ ನೀರಲ್ಲಿ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ. "ನನಗೆ ಈಜು ಬರುತ್ತೆ" ಅನ್ನುವವರಿಗೂ ಜಾಕೆಟ್ ಹಾಕಿಸಿ. ಬಾವಿಯಲ್ಲಿ ಕಲಿತ ಈಜಿಗೂ, ಎರಡು ಕಡೆ ದಡ ಕಾಣದ ನೀರಿಗೂ ಸಂಬಂಧ ಇಲ್ಲ. ಬಾಡಿಗೆ ಎಷ್ಟು ಅಂತ ಮೊದಲೇ ಮಾತಾಡಿ ಮುಗಿಸಿ. ಕಾಯುವ ಹೊತ್ತಿಗೂ ದುಡ್ಡು ಸೇರಿಸಿ ಕೊಡಿ, ಆ ದಿನದ ಅವರ ಕೆಲಸ ನಿಂತಿರುತ್ತದೆ.

ಜಲಾಶಯದ ಒಂದಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯದಲ್ಲಿ ಬರುತ್ತದೆ. ಸಿಂಗಳೀಕಗಳಿಗಾಗಿ ಕಾದಿಟ್ಟ ಕಾಡು ಅದು. ಹಾಗಾಗಿ ನೀವು ಹೋಗಬೇಕೆಂದಿರುವ ಜಾಗ ಅದರೊಳಗೆ ಬರುತ್ತದಾ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಿ. ಬಂದರೆ ಅನುಮತಿ ಇಲ್ಲದೆ ಹೋಗಬೇಡಿ. ಟೆಂಟ್ ಹಾಕುವುದು, ಬೆಂಕಿ ಹಾಕುವುದು, ಸ್ಪೀಕರ್ ಹಚ್ಚುವುದು ಯಾವ ನಡುಗಡ್ಡೆಯಲ್ಲೂ ಬೇಡ. ಗಾಳ ತಂದು ಮೀನು ಹಿಡಿಯುವ ಆಸೆಯೂ ಬೇಡ, ಅಲ್ಲಿಯವರು ಬಲೆ ಬಿಡುವುದಕ್ಕೆ ಮೀನುಗಾರಿಕೆ ಇಲಾಖೆಯಿಂದ ಲೈಸೆನ್ಸ್ ಮಾಡಿಸಿರುತ್ತಾರೆ. ಯಾವತ್ತೂ ನೀರಿಗೆ ಇಳಿದೇ ಇಲ್ಲದವರು, ನೀರು ಕಂಡರೆ ಎದೆ ಹೊಡೆದುಕೊಳ್ಳುವವರು, ಮೊದಲು ಹೊನ್ನೇಮರಡಿಗೆ ಹೋಗಿ ಬನ್ನಿ. ತಾಳಗುಪ್ಪದ ಹತ್ತಿರ, ಇದೇ ಹಿನ್ನೀರಿನ ದಡ. ಅಲ್ಲಿ ಜಾಕೆಟ್ ಹಾಕಿಸಿ, ಹರಿಗೋಲು, ದೋಣಿ ಎಲ್ಲ ಶಿಸ್ತಿನಿಂದ ಹೇಳಿಕೊಡುತ್ತಾರೆ. ಒಂದು ದಿನ ಅಲ್ಲಿ ನೀರಿನ ಅಭ್ಯಾಸ ಆದರೆ ಆಮೇಲೆ ಹೆದರಿಕೆ ಕಡಿಮೆ.

ಹತ್ತುವಾಗ: ದೋಣಿಯ ಅಂಚಿಗೆ ಕಾಲಿಡಬೇಡಿ, ನಡುವೆ ಇಡಿ, ಇಟ್ಟ ಕೂಡಲೇ ಕೂತುಬಿಡಿ. ಹರಿಗೋಲಾದರೆ ಇನ್ನೂ ಜೋಪಾನ, ಅದು ದುಂಡಗೆ ಇರುವುದರಿಂದ ತಿರುಗುತ್ತದೆ, ಎದುರುಬದುರು ಸಮಭಾರವಾಗಿ ಕೂರಬೇಕು. ದಪ್ಪ ಜೀನ್ಸ್, ಬೂಟು ಬೇಡ, ನೆನೆದರೆ ಅವೇ ಕೆಳಗೆ ಎಳೆಯುತ್ತವೆ. ಹತ್ತಿಯ ಪ್ಯಾಂಟೋ, ಪಂಚೆಯೋ, ಕಾಲಿಗೆ ಸುಮ್ನೆ ಕಳಚುವ ಚಪ್ಪಲಿ ಸಾಕು. ಫೋನ್, ದುಡ್ಡು, ಮಾತ್ರೆ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳಿ. ಆ ಕವರು ವಾಪಸ್ ನಿಮ್ಮ ಜೊತೆಗೇ ಬರಲಿ. ಸೆಲ್ಫಿಗೆ ಎಲ್ಲರೂ ಒಂದೇ ಪಕ್ಕಕ್ಕೆ ವಾಲಬೇಡಿ. ಇಷ್ಟಾಗಿಯೂ ದೋಣಿ ಮಗುಚಿದರೆ ದಡದ ಕಡೆ ಈಜಲು ಹೋಗಬೇಡಿ, ದೋಣಿಯನ್ನೇ ಹಿಡಿದುಕೊಂಡು ಕೂಗಿ. ಮರದ ದೋಣಿ, ಫೈಬರ್ ಹರಿಗೋಲು ಬೋರಲಾದರೂ ಸಾಮಾನ್ಯವಾಗಿ ತೇಲುತ್ತಿರುತ್ತದೆ, ಹುಡುಕಿಕೊಂಡು ಬರುವವರಿಗೆ ಅದೇ ಗುರುತು. ಹೊರಡುವ ಮೊದಲು ದಡದಲ್ಲಿ ಒಬ್ಬರಿಗೆ ಹೇಳಿ: ಎಷ್ಟು ಜನ, ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್.

ದಾರಿಯಲ್ಲಿ ನೀರಿನ ಮೇಲೆ ಸಾಲಾಗಿ ಖಾಲಿ ಬಾಟಲಿ, ಥರ್ಮಾಕೋಲ್ ತುಂಡು ತೇಲುತ್ತಿದ್ದರೆ ಕಸ ಅಂದುಕೊಳ್ಳಬೇಡಿ. ಅವು ಬಲೆಯ ಬೆಂಡು. ಸಂಜೆ ಬಲೆ ಬಿಟ್ಟು, ರಾತ್ರಿಯೆಲ್ಲ ನೀರಲ್ಲಿಟ್ಟು, ಬೆಳಕು ಹರಿಯುವ ಮೊದಲು ಎತ್ತುತ್ತಾರೆ. ಒಂದು ಬೆಂಡನ್ನು ಎಳೆದು ನೋಡೋಣ ಅಂತ ಕೈ ಹಾಕಿದರೂ ಬಲೆ ಕೊರಡಿಗೆ ಸಿಕ್ಕಿಬೀಳುತ್ತದೆ. ಹರಿದರೆ ಅದನ್ನು ಹೊಲಿಯಲು ಅವರಿಗೆ ದಿನಗಟ್ಟಲೆ ಬೇಕು.

ನಡುಗಡ್ಡೆ ಮುಟ್ಟಿದ ಮೇಲೆ ನೆಂಟರ ಮನೆಗೆ ಹೋದ ಹಾಗೆ ಹೋಗಿ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗುತ್ತೀರಾ? ಸಾಗರದ ಪೇಟೆಯಲ್ಲಿ ಒಂದು ಚೀಲ ತರಕಾರಿ ತೆಗೆದುಕೊಳ್ಳಿ, ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ. ಮೀನು ಅವರ ಹತ್ತಿರ ಇದೆ, ಇವು ಇರುವುದಿಲ್ಲ. ಚಾಪುಡಿ, ಸಕ್ಕರೆ, ಎಲೆ, ಅಡಿಕೆ, ಮಕ್ಕಳಿದ್ದರೆ ಬಿಸ್ಕತ್ತು. ಹೆಂಡ ಬೇಡ. ನೀವೂ ಕುಡಿದು ಹೋಗಬೇಡಿ, ಅವರಿಗೂ ಕೊಡಬೇಡಿ. ಅದೇ ಕೈಯಲ್ಲೇ ನಿಮ್ಮನ್ನು ವಾಪಸ್ ದಾಟಿಸಬೇಕಲ್ಲ.

ಬೆಳಿಗ್ಗೆ ಏಳಕ್ಕೇ ಹೋಗಿ ನಿಲ್ಲಬೇಡಿ. ಆಗ ಅವರು ಬಲೆಯಿಂದ ಮೀನು ಬಿಡಿಸುವುದರಲ್ಲಿ, ತೂಕಕ್ಕೆ ಕಳಿಸುವುದರಲ್ಲಿ ಮುಳುಗಿರುತ್ತಾರೆ. ಒಂಬತ್ತೂವರೆ, ಹತ್ತಕ್ಕೆ ತಲುಪಿದರೆ ಗಂಡಸರು ಬಂದು ಚಾ ಕುಡಿಯುತ್ತಾ ಬಲೆ ನೋಡುತ್ತಿರುತ್ತಾರೆ. ಮಾತಾಡಲು ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನ ಮಲಗುತ್ತಾರೆ, ರಾತ್ರಿ ನಿದ್ದೆ ಇರುವುದಿಲ್ಲವಲ್ಲ, ಆಗ ಗಲಾಟೆ ಮಾಡಬೇಡಿ.

ಬಿಡಾರದ ಹತ್ತಿರ ಹೋಗುವಾಗ ಸ್ವಲ್ಪ ದೂರದಲ್ಲೇ ನಿಂತು "ಅಣ್ಣಾ, ಬರಬಹುದಾ?" ಅಂತ ಕೂಗಿ. ಸ್ನಾನಕ್ಕೆ, ಬಟ್ಟೆಗೆ, ಎಲ್ಲದಕ್ಕೂ ಅವರಿಗಿರುವುದು ಅದೇ ದಡ. ಗೋಡೆ ಇಲ್ಲ ಅಂದಮಾತ್ರಕ್ಕೆ ಅದು ಮನೆ ಅಲ್ಲ ಅಂತ ಅಲ್ಲ. ಹರಡಿದ ಬಲೆಯ ಮೇಲೆ ಕಾಲಿಡಬೇಡಿ, ಚಪ್ಪಲಿ ಕಾಲಲ್ಲಂತೂ ಬೇಡ, ಸುತ್ತಿ ಹೋಗಿ. ಬೋರಲು ಹಾಕಿಟ್ಟ ಹರಿಗೋಲಿನ ಮೇಲೆ ಕೂರಬೇಡಿ. ಫೋಟೋ ತೆಗೆಯುವ ಮೊದಲು ಕೇಳಿ, ಅದರಲ್ಲೂ ಹೆಂಗಸರದ್ದು, ಮಕ್ಕಳದ್ದು. ನಾನು ಮೊದಲ ಮೂರು ಸಲ ಹೋದಾಗ ಒಂದೂ ಫೋಟೋ ತೆಗೆಯಲಿಲ್ಲ. ನಾಲ್ಕನೇ ಸಲ ಅಲ್ಲಿಯ ಅಕ್ಕನೇ "ಮಗಳದ್ದೊಂದು ಫೋಟೋ ತೆಗೆದು ಕೊಡಿ, ಸ್ಕೂಲಿಗೆ ಬೇಕಂತೆ" ಅಂದರು. ಸಾಗರದಲ್ಲಿ ಪ್ರಿಂಟ್ ಹಾಕಿಸಿ ಐದನೇ ಸಲ ಕೊಟ್ಟೆ. ಅವತ್ತಿನಿಂದ ನಾನು ಅಲ್ಲಿ ಹೊರಗಿನವನಲ್ಲ.

ಏನು ಮಾತಾಡುವುದು? ತಿಂಗಳಿಗೆ ಎಷ್ಟು ದುಡಿಯುತ್ತೀರಿ ಅಂತ ಕೇಳಬೇಡಿ. ಬಲೆಯ ಬಗ್ಗೆ ಕೇಳಿ, ಮಾತು ತಾನಾಗೇ ಬರುತ್ತದೆ. ಬಲೆಯ ಕಣ್ಣು ಎಷ್ಟು ದೊಡ್ಡದು ಅನ್ನುವುದರ ಮೇಲೆ ಯಾವ ಮೀನು ಬೀಳುತ್ತದೆ ಅನ್ನುವುದು ನಿಂತಿದೆ. ಕಣ್ಣು ಸಣ್ಣದಾದರೆ ಮರಿಯೂ ಹೋಗುತ್ತದೆ, ಅದಕ್ಕೇ ಗೊತ್ತಿದ್ದವರು ದೊಡ್ಡ ಕಣ್ಣಿನದ್ದೇ ಬಿಡುತ್ತಾರೆ. ಕಾಟ್ಲಾ, ರೋಹು ಇವೆಲ್ಲ ಮರಿ ತಂದು ಬಿಟ್ಟು ಬೆಳೆದ ಮೀನು. ಜಿಲೇಬಿ ಮೀನು (ತಿಲಾಪಿಯಾ) ಹೊರಗಿನಿಂದ ಬಂದು ಎಲ್ಲಾ ಕಡೆ ತುಂಬಿಕೊಂಡಿದೆ. ಹೊಳೆಯದೇ ಮೀನು ಅಂದರೆ ಬಾಳೆ, ಮುರುಗೋಡು. ಮುರುಗೋಡು ಸಿಕ್ಕಿದ ದಿನ ಬಿಡಾರದಲ್ಲಿ ಮುಖಗಳೇ ಬೇರೆ ಇರುತ್ತವೆ. ನೀರುನಾಯಿ ಬಲೆ ಹರಿದು ಮೀನು ತಿನ್ನುವ ಕಥೆ ಕೇಳಿ, ಬೈಯುತ್ತಾ ಬೈಯುತ್ತಾ ಅದರ ಬುದ್ಧಿಯನ್ನು ಹೊಗಳುತ್ತಾರೆ.

ಊಟಕ್ಕೆ ಕರೆದರೆ ಕೂರಿ. ಕರೆಯದೆ ಅಡುಗೆ ಮಾಡಿಕೊಡಿ ಅನ್ನಬೇಡಿ. ಸಾರು ತೆಳ್ಳಗಿರುತ್ತದೆ, ಖಾರ ಜಾಸ್ತಿ, ಹುಳಿಗೆ ವಾಟೆಯೋ ಉಪ್ಪಾಗೆಯೋ, ನಮ್ಮ ಕಾಡಿನ ಹುಳಿಹಣ್ಣುಗಳನ್ನು ಒಣಗಿಸಿದ್ದು, ಹಾಕಿರುತ್ತಾರೆ. ಹುಣಸೆ ಹಾಕಿದ ಮೀನುಸಾರಿಗೆ ಈ ರುಚಿ ಬರುವುದೇ ಇಲ್ಲ, ವಾಟೆಹುಳಿ ಮೀನಿನ ವಾಸನೆಯನ್ನು ತೆಗೆದು ಮಾಂಸವನ್ನು ಗಟ್ಟಿಯಾಗಿ ಇಡುತ್ತದೆ. ಬೆಳಿಗ್ಗೆ ಹಿಡಿದ ಮೀನು, ಕಟ್ಟಿಗೆ ಒಲೆ, ಕೆಂಪಕ್ಕಿ ಅನ್ನ. ಹೊರಡುವಾಗ ಊಟದ ದುಡ್ಡನ್ನು ಗಂಡಸರ ಕೈಗಲ್ಲ, ಅಡುಗೆ ಮಾಡಿದ ಅಕ್ಕನ ಕೈಗೆ ಕೊಡಿ. ತೆಗೆದುಕೊಳ್ಳದಿದ್ದರೆ ಎಲೆ ಅಡಿಕೆಯ ಜೊತೆ ಇಟ್ಟು ಬನ್ನಿ.

ಊಟ ಆದಮೇಲೆ ವಯಸ್ಸಾದವರಿದ್ದರೆ ಮುಳುಗಡೆಯ ಮಾತು ಬಂದೇ ಬರುತ್ತದೆ. ಸುಮ್ಮನೆ ಕೇಳಿಸಿಕೊಳ್ಳಿ. ಹಿರೇಭಾಸ್ಕರದಲ್ಲಿ ಇದಕ್ಕೂ ಮೊದಲೇ, 1940ರ ದಶಕದಲ್ಲಿ, ಒಂದು ಅಣೆಕಟ್ಟು ಕಟ್ಟಿದ್ದರು. ಮಡೆನೂರು ಅಣೆಕಟ್ಟು ಅಂತಲೂ ಅನ್ನುತ್ತಾರೆ. ಲಿಂಗನಮಕ್ಕಿ ತುಂಬಿದಾಗ ಅದೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಹೊರಗೆ ಕಾಣುತ್ತದೆ, ಇನ್ನೂ ಗಟ್ಟಿಯಾಗಿದೆ. ಹಾಗೆಯೇ ಕೆಲವು ಕಡೆ ಹಳೇ ರಸ್ತೆ, ಮನೆಯ ಪಾಯ, ಬಾವಿಯ ಕಟ್ಟೆ ಹೊರಬರುತ್ತವೆ. ಎಷ್ಟೋ ಕುಟುಂಬಗಳಿಗೆ ಬೇರೆ ಕಡೆ ಕೊಟ್ಟ ಭೂಮಿಗೆ ಇವತ್ತಿಗೂ ಸರಿಯಾದ ಹಕ್ಕುಪತ್ರ ಆಗಿಲ್ಲ. ನನ್ನ ಅಜ್ಜ ದೋಣಿಯಲ್ಲಿ ಹೋಗುವಾಗ ಒಂದು ಜಾಗಕ್ಕೆ ಬಂದರೆ ಮಾತು ನಿಲ್ಲಿಸುತ್ತಿದ್ದರು, ಕೆಳಗೆ ನಮ್ಮ ತೋಟ. ನೀವು ಕೂತ ದೋಣಿ ಯಾರದೋ ಅಂಗಳದ ಮೇಲೆ ಹೋಗುತ್ತಿರುತ್ತದೆ. ಅಲ್ಲಿ ಬಿಯರ್ ಬಾಟಲಿ ನೀರಿಗೆ ಎಸೆಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಆರೋಗ್ಯದ ಮಾತು ಒಂದಿದೆ, ಮಲೆನಾಡಿನ ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ನವೆಂಬರಿನಿಂದ ಮೇ ತನಕ ನಮ್ಮ ಕಾಡಿನಲ್ಲಿ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಹುಳದ ಕಾಲ. ಅದರಿಂದ ಬರುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. 2018–19ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆ ಮನೆಯಲ್ಲಿ ಸಾವು ನೋವು ಕಂಡವರು ನಾವು. ಹಾಗಾಗಿ ನಡುಗಡ್ಡೆಯ ಕಾಡಿನೊಳಗೆ ಸುಮ್ಮಸುಮ್ಮನೆ ನುಗ್ಗಬೇಡಿ, ತರಗೆಲೆಯ ಮೇಲೆ ಮಲಗಬೇಡಿ, ಕೂರಬೇಡಿ. ಮೈ ಮುಚ್ಚುವ ಬಟ್ಟೆ ಹಾಕಿ. ಉಣುಗು ಹತ್ತದ ಹಾಗೆ ಆಸ್ಪತ್ರೆಗಳಲ್ಲಿ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಸವರಿಕೊಳ್ಳಿ. ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಿಬಂದ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಡಾಕ್ಟರಿಗೆ "ಶರಾವತಿ ಹಿನ್ನೀರಿನ ಕಾಡಿಗೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದಿದ್ದರೆ ಅದು ಹೊಳೆಯುವುದೇ ಇಲ್ಲ. ಮಳೆ ಮುಗಿಯುತ್ತಿದ್ದ ಹಾಗೆ ಹೋದರೆ ಉಂಬಳವೂ (ಜಿಗಣೆ) ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ, ಸುಣ್ಣವೋ ಉಪ್ಪೋ ಮುಟ್ಟಿಸಿದರೆ ಬಿಟ್ಟುಬಿಡುತ್ತದೆ.

ವಾಪಸ್ ಹೊರಡುವುದು ದೋಣಿಯ ಅಣ್ಣ ಹೇಳಿದಾಗ. ಅವರು ಎದ್ದು ನಿಂತು ಆಕಾಶ ನೋಡಿ "ಹೊರಡುವ" ಅಂದರೆ, ಇನ್ನೊಂದು ಹತ್ತು ನಿಮಿಷ ಅಂತ ಎಳೆಯಬೇಡಿ. ಒಂದು ಸಲ ನಮ್ಮ ಜೊತೆಯವರೊಬ್ಬರು ಸೂರ್ಯ ಮುಳುಗುವುದನ್ನು ನೋಡಿಯೇ ಹೋಗೋಣ ಅಂತ ಹಠ ಹಿಡಿದರು. ಅಣ್ಣ ಏನೂ ವಾದ ಮಾಡಲಿಲ್ಲ, ಹಗ್ಗ ಬಿಚ್ಚಿ ದೋಣಿಯಲ್ಲಿ ಕೂತು ಕಾದರು. ಅರ್ಧ ದಾರಿಗೆ ಬರುವಾಗ ಗಾಳಿ ಎದ್ದಿತು, ಅಲೆ ಒಳಗೆ ಬರಲು ಶುರುವಾಯಿತು, ಹಠ ಹಿಡಿದವರೇ ತಂಬಿಗೆಯಲ್ಲಿ ನೀರು ಮೊಗೆದು ಹೊರಗೆ ಹಾಕುತ್ತಾ ಬಂದರು.

ಮೀನು ತರುವುದಾದರೆ ಹೊರಡುವ ಮೊದಲೇ ಹೇಳಿ, ಪೇಟೆಯ ದರವನ್ನೇ ಕೊಡಿ, ಚೌಕಾಸಿ ಬೇಡ. ಹೊಟ್ಟೆ, ಕಿವಿರು ತೆಗೆಸಿ, ತೊಳೆಯದೆ ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಒಂದು ಒದ್ದೆ ಗೋಣಿತುಂಡು ಹಾಕಿದರೆ ಸಾಗರದ ತನಕ ಏನೂ ಆಗುವುದಿಲ್ಲ. ಅದಕ್ಕಿಂತ ದೂರ ಹೋಗುವವರು ದಡದಲ್ಲಿ ಬೈಕಿನವರ ಹತ್ತಿರ ಒಂದಿಷ್ಟು ಐಸ್ ಕೇಳಿ, ಕೊಡುತ್ತಾರೆ. ಬಸ್ಸಿನಲ್ಲಾದರೆ ಹಿಂದಿನ ಸೀಟಿಗೆ ಹೋಗಿ, ಕಂಡಕ್ಟರಿಗೆ ಮೊದಲೇ ಹೇಳಿಬಿಡಿ. ಮನೆ ಮುಟ್ಟಿದ ಮೇಲೆ ಅರಿಶಿನ, ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು ತೊಳೆಯಿರಿ. ಹಿನ್ನೀರಿನ ಮೀನಿಗೆ ಸ್ವಲ್ಪ ಕೆಸರಿನ ವಾಸನೆ ಇರುತ್ತದೆ, ಅದು ಹೋಗುತ್ತದೆ. ವಾಟೆಹುಳಿ ಸಾಗರದ ಸಂತೆಯಲ್ಲಿ ಸಿಗುತ್ತದೆ, ಹೋಗುವಾಗಲೇ ಕಾಲು ಕೆಜಿ ತೆಗೆದಿಟ್ಟುಕೊಳ್ಳಿ.